ಟೆಂಡರ್ ಮುಗಿದರೂ ಮಾರಾಟ ಮುಗಿದಿರುವುದಿಲ್ಲ

ತಾಳಿಕೋಟೆ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು 1565ರ ಯುದ್ಧ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಅದು ಒಂದು ಅಂಕದ ಪ್ರಶ್ನೆ. ಜನವರಿ 23 ಎಂಬ ತಾರೀಖನ್ನೂ ಬಾಯಿಪಾಠ ಮಾಡಿಕೊಂಡಿದ್ದೇವೆ. ಆದರೆ ಇಲ್ಲಿ ಹುಟ್ಟಿ ಬೆಳೆದವರಿಗೆ ಜನವರಿ ಎಂದರೆ ತೊಗರಿ. ರಾಶಿ ಮುಗಿಸಿ, ಚೀಲ ಹೊಲಿದು, ಟ್ರ್ಯಾಕ್ಟರ್ ಎಪಿಎಂಸಿ ಕಡೆ ತಿರುಗುವ ತಿಂಗಳು. ಡೋಣಿ ಸಾಲಿನಲ್ಲಿ ಬೆಳೆ ಬಂದರೆ ಓಣಿಗೆಲ್ಲ ಕಾಳು ಎಂಬ ಮಾತು ನಮ್ಮ ಕಡೆ ಇದೆ. ಓಣಿಗೆ ಬಂದ ಕಾಳು ಸರಿಯಾದ ರೊಕ್ಕ ಆಗುವುದು ಹೇಗೆ ಎಂಬುದನ್ನು ಮಾತ್ರ ಯಾವ ಹಿರಿಯರೂ ಹೇಳಿಕೊಟ್ಟಿಲ್ಲ. ಅದನ್ನು ನಾವೇ ಕಲಿಯಬೇಕು.

ನಾನು ಬಿ.ಕಾಂ ಮುಗಿಸಿ ಎರಡು ವರ್ಷವಾಯಿತು. ಕೆಲಸ ಇನ್ನೂ ಸಿಕ್ಕಿಲ್ಲ. ಈ ನಡುವೆ ಮನೆಯ ಒಂದು ಕೆಲಸ ಪೂರ್ತಿ ನನ್ನ ಪಾಲಿಗೆ ಬಂದಿದೆ: ಬೆಳೆದದ್ದನ್ನು ಮಾರುವುದು. ಮೊದಲು ಅದು ಅಪ್ಪನ ಕೆಲಸವಾಗಿತ್ತು. ಹರಾಜು ಕೂಗುವ ಕಾಲ ಹೋಗಿ ಕಂಪ್ಯೂಟರ್ ಟೆಂಡರ್ ಬಂದ ಮೇಲೆ ಅಪ್ಪ, ‘ಇದು ನಮಗ ತಿಳಿಯೂದಿಲ್ಲ, ನೀನ ನೋಡಪಾ’ ಎಂದು ಮೊಬೈಲ್ ನನ್ನ ಕೈಗೆ ಕೊಟ್ಟುಬಿಟ್ಟರು. ಹೀಗೆ ಮೂರು ಸುಗ್ಗಿಯಲ್ಲಿ ನೋಡಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ನನ್ನಂಥ ರೈತರ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಬಾಗಿಲಿನ ಆನ್‌ಲೈನ್ ಹರಾಜು

ಆನ್‌ಲೈನ್ ಹರಾಜು ಎಂದರೆ ಹಳೆಯ ನಾಣ್ಯ, ಕ್ರಿಕೆಟ್ ಬ್ಯಾಟು ಮಾರುವ ವಿದೇಶಿ ಜಾಲತಾಣ ಎಂದುಕೊಳ್ಳುವವರು ಬಹಳ. ಆದರೆ ಕರ್ನಾಟಕದಲ್ಲಿ ರೈತರ ಮಾಲನ್ನು ಆನ್‌ಲೈನ್‌ನಲ್ಲಿ ಹರಾಜು ಹಾಕುವ ವ್ಯವಸ್ಥೆ 2014ರಲ್ಲೇ ಶುರುವಾಗಿದೆ. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸಮೂಹದ ಕಂಪನಿ ಅರ್ಧರ್ಧ ಪಾಲು ಹಾಕಿ ‘ರಾಷ್ಟ್ರೀಯ ಇ–ಮಾರ್ಕೆಟ್ ಸರ್ವಿಸಸ್’ ಎಂಬ ಸಂಸ್ಥೆ ಮಾಡಿದವು. ಬಾಯಲ್ಲಿ ಎಲ್ಲರೂ ಅದನ್ನು ರೆಮ್ಸ್ ಎನ್ನುತ್ತಾರೆ. ಅದು ಕಟ್ಟಿದ ಏಕೀಕೃತ ಮಾರುಕಟ್ಟೆ ವೇದಿಕೆ ಒಂದೊಂದಾಗಿ ರಾಜ್ಯದ ಎಪಿಎಂಸಿಗಳಿಗೆ ಹರಡಿತು. ಕೇಂದ್ರ ಸರ್ಕಾರದ ಇ–ನಾಮ್ ಶುರುವಾದದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು.

ಕೆಲಸ ನಡೆಯುವ ರೀತಿ ಸರಳ. ಗೇಟಿನಲ್ಲಿ ರೈತರ ಹೆಸರು, ಮೊಬೈಲ್ ಸಂಖ್ಯೆ, ಮಾಲು, ಚೀಲದ ಲೆಕ್ಕ, ಯಾವ ಅಡತಿ ಅಂಗಡಿಗೆ ಹೋಗುತ್ತದೆ ಎಂಬುದನ್ನು ಬರೆಸಿಕೊಂಡು ಒಂದು ಲಾಟ್ ಸಂಖ್ಯೆ ಕೊಡುತ್ತಾರೆ. ಖರೀದಿದಾರರು ಬಂದು ಕಾಳು ಕೈಯಲ್ಲಿ ಹಿಡಿದು ನೋಡುತ್ತಾರೆ. ಆಮೇಲೆ ಆ ಲಾಟ್ ಸಂಖ್ಯೆಯ ಮುಂದೆ ತಮ್ಮ ದರ ನಮೂದಿಸುತ್ತಾರೆ. ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ನಿಗದಿತ ಹೊತ್ತಿಗೆ ಟೆಂಡರ್ ಮುಚ್ಚುತ್ತದೆ, ಹೆಚ್ಚು ದರ ಹಾಕಿದವರ ಹೆಸರು ಬರುತ್ತದೆ, ರೈತರ ಮೊಬೈಲ್‌ಗೆ ಸಂದೇಶ ಬರುತ್ತದೆ. ದರ ಒಪ್ಪುವುದೂ ಬಿಡುವುದೂ ರೈತರ ಹಕ್ಕು.

ಇದರಿಂದ ಲಾಭ ಆಗಿದೆಯೇ? ಅಮೆರಿಕದ ಎಂಐಟಿಯ ಸಂಶೋಧಕರು ರೆಮ್ಸ್ ಜೊತೆ ಸೇರಿ ಇದನ್ನೇ ಲೆಕ್ಕ ಹಾಕಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಈ ವೇದಿಕೆಯಿಂದ ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತ್ತು. ಏರಿಕೆ ಕಂಡ ಆ ಪಟ್ಟಿಯಲ್ಲಿ ತೊಗರಿಯ ಹೆಸರಿಲ್ಲ. ಅಂದರೆ ಕಂಪ್ಯೂಟರ್ ಬಂದ ಮಾತ್ರಕ್ಕೆ ಎಲ್ಲ ಮಾಲಿಗೂ ತಾನಾಗಿಯೇ ಬೆಲೆ ಬರುವುದಿಲ್ಲ. ಮಾರುವವರೂ ಕೆಲವು ಕೆಲಸ ಮಾಡಬೇಕು.

ಮನೆ ಬಿಡುವ ಮೊದಲೇ ತಳಬೆಲೆ ಬರೆದಿಡಿ

ಮಾರುಕಟ್ಟೆಗೆ ಹೋದ ಮೇಲೆ ‘ಎಷ್ಟಕ್ಕ ಕೊಡಬೇಕು’ ಎಂದು ಯೋಚಿಸಿದರೆ ತಡವಾಯಿತು. ಅಲ್ಲಿ ಬಿಸಿಲು, ಹಸಿವು, ಟ್ರ್ಯಾಕ್ಟರ್ ಬಾಡಿಗೆ, ಪಕ್ಕದವರ ಮಾತು ಎಲ್ಲ ಸೇರಿ ನಮ್ಮನ್ನು ಅವಸರಕ್ಕೆ ಹಚ್ಚುತ್ತವೆ. ಹಿಂದಿನ ರಾತ್ರಿಯೇ ಅಪ್ಪ, ಅವ್ವ ಎಲ್ಲರೂ ಕುಳಿತು, ಇಷ್ಟರ ಕೆಳಗೆ ಬಂದರೆ ಕೊಡುವುದಿಲ್ಲ ಎಂಬ ಒಂದು ಅಂಕಿ ಬರೆದಿಡುತ್ತೇವೆ.

ಆ ಅಂಕಿ ಎಲ್ಲಿಂದ ಬರಬೇಕು? ರಾಜ್ಯದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಪ್ರತಿ ಮಾರುಕಟ್ಟೆಯ ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ ಇರುತ್ತದೆ. ಹೆಚ್ಚಿನವರು ಗರಿಷ್ಠ ಬೆಲೆ ನೋಡಿ ಹಿಗ್ಗುತ್ತಾರೆ, ಆಮೇಲೆ ಕುಗ್ಗುತ್ತಾರೆ. ಗರಿಷ್ಠ ಬೆಲೆ ಇಡೀ ಮಾರುಕಟ್ಟೆಯಲ್ಲಿ ಒಂದೇ ಲಾಟಿಗೆ ಬಂದಿರಬಹುದು. ಬಹುಪಾಲು ಮಾಲು ಹೋದ ದರ ಎಂದರೆ ಮಾದರಿ ಬೆಲೆ. ತಾಳಿಕೋಟೆ, ವಿಜಯಪುರ, ಕಲಬುರಗಿ ಮೂರೂ ಕಡೆಯ ಒಂದು ವಾರದ ಮಾದರಿ ಬೆಲೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ದರ ಯಾವ ಕಡೆ ಹೊರಟಿದೆ ಎಂಬುದು ಕಾಣುತ್ತದೆ.

ಜೊತೆಗೆ ಬೆಂಬಲ ಬೆಲೆ ಗೊತ್ತಿರಬೇಕು. 2024–25ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, ಅದಕ್ಕೆ ರಾಜ್ಯ ಸರ್ಕಾರ 450 ಸೇರಿಸಿತು. 2025–26ಕ್ಕೆ ಬೆಂಬಲ ಬೆಲೆಯೇ 8,000 ಆಯಿತು. ಖರೀದಿ ಕೇಂದ್ರದಲ್ಲಿ ಮಾರಲು ಪಹಣಿ ಜೋಡಿಸಿದ ಫ್ರೂಟ್ಸ್ ಐಡಿ ಬೇಕು. ನಮ್ಮದು ಎರಡು ಎಕರೆ ಸ್ವಂತ ಹೊಲ, ನಾಲ್ಕು ಎಕರೆ ಲಾವಣಿ ಹಿಡಿದದ್ದು. ಸ್ವಂತ ಹೊಲದ ತೊಗರಿಯನ್ನು 2025ರಲ್ಲಿ ಖರೀದಿ ಕೇಂದ್ರಕ್ಕೆ ಎತ್ತಿಟ್ಟೆವು. ಲಾವಣಿ ಹೊಲದ ಪಹಣಿ ನಮ್ಮ ಹೆಸರಲ್ಲಿಲ್ಲ. ಅಲ್ಲಿ ಬೆಳೆದ 18 ಕ್ವಿಂಟಲ್‌ಗೆ ಟೆಂಡರ್ ಒಂದೇ ದಾರಿ. ಲಾವಣಿ ಮಾಡುವ ಸಾವಿರಾರು ಮನೆಗಳ ಸ್ಥಿತಿ ಇದೇ. ಆದ್ದರಿಂದಲೇ ಟೆಂಡರ್‌ನಲ್ಲಿ ಚೆನ್ನಾಗಿ ಮಾರುವುದನ್ನು ಕಲಿಯುವುದು ನಮಗೆ ಅನಿವಾರ್ಯ.

ಅನುಮಾನಕ್ಕೂ ಒಂದು ಬೆಲೆ ಇದೆ

2020ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಹರಾಜಿನ ಮೇಲೆ ಕೆಲಸ ಮಾಡಿದ ಪಾಲ್ ಮಿಲ್ಗ್ರಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ. ಅವರು ಹೇಳಿದ ಒಂದು ವಿಷಯ ತೊಗರಿ ಮಾರುವವರಿಗೂ ನೇರವಾಗಿ ಅನ್ವಯಿಸುತ್ತದೆ. ಕೊಳ್ಳುವವನಿಗೆ ಮಾಲಿನ ಬಗ್ಗೆ ಅನುಮಾನ ಇದ್ದರೆ, ತಾನು ಹೆಚ್ಚು ಕೊಟ್ಟು ಸಿಕ್ಕಿಹಾಕಿಕೊಂಡೇನು ಎಂಬ ಭಯದಿಂದ ಮೊದಲೇ ದರ ಇಳಿಸಿ ಹಾಕುತ್ತಾನೆ. ಅನುಮಾನ ಕಡಿಮೆಯಾದಷ್ಟೂ ದರ ಏರುತ್ತದೆ. ಮಾಲಿನ ಗುಣ ಮುಚ್ಚಿಡುವುದಕ್ಕಿಂತ ತೆರೆದು ತೋರಿಸುವುದೇ ಮಾರುವವನಿಗೆ ಲಾಭ.

ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ. ಹಸಿ ಕಾಳು, ಕಪ್ಪಾದ ಕಾಳು, ಹೊಟ್ಟು ಎಲ್ಲವನ್ನೂ ಒಳ್ಳೆಯ ಕಾಳಿನ ಜೊತೆ ಕಲಸಿ, ಮೇಲೆ ಚೆಂದದ ಕಾಳು ಹರವುತ್ತಾರೆ. ಚೀಲದ ತಳಕ್ಕೆ ಕೈ ಹಾಕುವುದು ಖರೀದಿದಾರನಿಗೆ ಗೊತ್ತಿಲ್ಲವೇ? ಒಂದು ಚೀಲದಲ್ಲಿ ಕಲಬೆರಕೆ ಕಂಡರೆ ಇಡೀ ಲಾಟಿಗೆ ಆ ದರವನ್ನೇ ಹಾಕುತ್ತಾನೆ. ಆದ್ದರಿಂದ ಮೂರು ಕೆಲಸ ಮಾಡಬೇಕು. ಒಣಗಿಸುವುದು: ಸರ್ಕಾರಿ ಖರೀದಿಯಲ್ಲಿ ತೇವಾಂಶದ ಮಿತಿ ಶೇ 12, ವರ್ತಕರೂ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಸಾಣಿಸುವುದು: ಮಣ್ಣು, ಹೊಟ್ಟು ಹೋದರೆ ತೂಕ ಸ್ವಲ್ಪ ಇಳಿದರೂ ದರ ಅದನ್ನು ತುಂಬಿಕೊಡುತ್ತದೆ. ಬೇರ್ಪಡಿಸುವುದು: ಒಳ್ಳೆಯದು ಒಂದು ಲಾಟ್, ಸಾಧಾರಣದ್ದು ಇನ್ನೊಂದು ಲಾಟ್. ಗುಳ್ಯಾಳ, ಟಿಎಸ್–3ಆರ್ ಎಂದು ತಳಿ ಬೇರೆ ಇದ್ದರಂತೂ ಎಂದೂ ಬೆರೆಸಬಾರದು.

ಗೇಟಿನಲ್ಲಿ ನಿಮ್ಮದೇ ನಂಬರ್ ಬರೆಸಿ

ಇದು ಚಿಕ್ಕ ವಿಷಯದಂತೆ ಕಾಣುತ್ತದೆ. ಬಹಳ ರೈತರ ಲಾಟ್ ಮುಂದೆ ಇರುವುದು ಅಂಗಡಿಯವರ ಅಥವಾ ಗುಮಾಸ್ತರ ಮೊಬೈಲ್ ಸಂಖ್ಯೆ. ‘ಕಾಕಾ, ನಿಮಗ ಮೆಸೇಜ್ ಓದಾಕ ಬರೂದಿಲ್ಲಲಾ, ನಮ್ಮದ ಹಾಕತೀನಿ’ ಎಂದು ಉಪಕಾರದ ಧಾಟಿಯಲ್ಲೇ ಹಾಕಿರುತ್ತಾರೆ. ಆಗ ಗೆದ್ದ ದರ ಎಷ್ಟು ಎಂಬುದು ರೈತನಿಗೆ ಬಾಯಿ ಮಾತಿನಲ್ಲಿ ಮಾತ್ರ ತಿಳಿಯುತ್ತದೆ. ಗೇಟಿನ ಚೀಟಿ ಕೈಗೆ ಬಂದ ಕೂಡಲೇ ಹೆಸರು, ನಂಬರ್, ಚೀಲದ ಲೆಕ್ಕ ಓದಿ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಓದು ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಅವರ ನಂಬರ್ ಬರೆಸಿ.

ಯಾವ ದಿನ ಹೋಗಬೇಕು ಎಂಬುದೂ ಮುಖ್ಯ. ಹರಾಜಿನ ದರವನ್ನು ನಿರ್ಧರಿಸುವುದು ಕೊಳ್ಳುವವರ ಸಂಖ್ಯೆ. 1996ರಲ್ಲಿ ಜೆರೆಮಿ ಬುಲೊ ಮತ್ತು ಪಾಲ್ ಕ್ಲೆಂಪರರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಗಣಿತದಿಂದಲೇ ತೋರಿಸಿದರು: ಮಾರುವವನು ಎಷ್ಟೇ ಜಾಣತನದ ಚೌಕಾಸಿ ಮಾಡಲಿ, ಅದಕ್ಕಿಂತ ಹೆಚ್ಚುವರಿಯಾಗಿ ಬರುವ ಒಬ್ಬ ಕೊಳ್ಳುವವನು ಹೆಚ್ಚು ಬೆಲೆ ತರಬಲ್ಲ. ಹಬ್ಬದ ಮರುದಿನ, ಅಮಾವಾಸ್ಯೆಯ ಆಸುಪಾಸು, ಖರೀದಿದಾರರು ಕಡಿಮೆ ಇರುವ ದಿನ ಮಾಲು ಒಯ್ಯದಿರುವುದು ಲೇಸು. ಹಿಂದಿನ ದಿನ ಎಷ್ಟು ಜನ ಟೆಂಡರ್ ಹಾಕಿದ್ದರು ಎಂದು ಎಪಿಎಂಸಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ಕೇಳುವುದಕ್ಕೆ ಸಂಕೋಚ ಬೇಡ.

ಇದೇ ಸ್ಪರ್ಧೆಯನ್ನು ಹೆಚ್ಚಿಸಲು ಮೇಲೆ ಹೇಳಿದ ಎಂಐಟಿ ತಂಡ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಎರಡು ಸುತ್ತಿನ ಟೆಂಡರ್ ನಡೆಸಿ ನೋಡಿತು. ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ಮಾತ್ರ ಎರಡನೆಯ ಸುತ್ತಿನಲ್ಲಿ ದರ ಏರಿಸುವ ಅವಕಾಶ. ದರ ಶೇ 4.7ರಷ್ಟು ಹೆಚ್ಚಿತು. ಇಂಥ ಪದ್ಧತಿ ನಮ್ಮ ಮಾರುಕಟ್ಟೆಗಳಿಗೂ ಬೇಕು ಎಂದು ಕೇಳುವ ಹಕ್ಕು ನಮಗಿದೆ.

ಒಲ್ಲೆ ಎನ್ನುವ ಮುನ್ನ ಲೆಕ್ಕ ಹಾಕಿ

2025ರ ಜನವರಿಯಲ್ಲಿ ಜಿಲ್ಲೆಯ ಒಂದು ಮಾರುಕಟ್ಟೆಯಲ್ಲಿ ನಮ್ಮ 18 ಕ್ವಿಂಟಲ್ ಒಂದೇ ಲಾಟ್ ಆಗಿ ಟೆಂಡರ್‌ಗೆ ಹೋಯಿತು. ಬಂದ ದರ 6,940. ನಾವು ಬರೆದಿಟ್ಟ ತಳಬೆಲೆ 7,000. ನರ್ಸಿಂಗ್ ಓದುವ ತಂಗಿಯ ಶುಲ್ಕಕ್ಕೆ ಎಂಟು ದಿನ ಉಳಿದಿತ್ತು. ಅಪ್ಪ ‘ಕೊಟ್ಟು ಹೋಗೂಣು’ ಎಂದರು. ಎಂಟು ದಿನ ಇದೆ, ಎರಡು ದಿನ ನೋಡೋಣ ಎಂದು ನಾನು ಹೇಳಿದೆ. ಕಾಳನ್ನು ಅಲ್ಲೇ ಸಾಣಿಸಿ ಎರಡು ಪಾಲು ಮಾಡಿದೆವು. ಇಪ್ಪತ್ತು ಕೆ.ಜಿ. ಹೊಟ್ಟು, ಮಣ್ಣು ಹೋಯಿತು. ಮೂರನೆಯ ದಿನ ಒಳ್ಳೆಯ 13 ಕ್ವಿಂಟಲ್ 7,310ಕ್ಕೆ ಹೋಯಿತು. ಉಳಿದ 4.80 ಕ್ವಿಂಟಲ್ 6,620ಕ್ಕೆ ಹೋಯಿತು.

ಮೊದಲ ದರಕ್ಕೆ ಕೊಟ್ಟಿದ್ದರೆ ಬರುತ್ತಿದ್ದುದು 1,24,920 ರೂಪಾಯಿ. ಈಗ ಬಂದದ್ದು 1,26,806. ವ್ಯತ್ಯಾಸ 1,886. ಸಾಣಿಸಿದ ಕೂಲಿ, ಹಮಾಲಿ ಸೇರಿ 850 ಖರ್ಚು. ಉಳಿದದ್ದು 1,036 ರೂಪಾಯಿ. ಸಿನಿಮಾದಲ್ಲಿ ತೋರಿಸುವಂಥ ಗೆಲುವು ಇದಲ್ಲ. ಆದರೆ ಲೆಕ್ಕ ಹಾಕಿ ಒಲ್ಲೆ ಅಂದದ್ದಕ್ಕೆ ನಷ್ಟವಂತೂ ಆಗಲಿಲ್ಲ.

ಕಾದರೆ ಯಾವಾಗಲೂ ದರ ಏರುತ್ತದೆ ಎಂದು ಮಾತ್ರ ತಿಳಿಯಬೇಡಿ. 2024ರಲ್ಲಿ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿದ್ದ ತೊಗರಿ, ಹೊಸ ಮಾಲು ಬಂದ 2025ರ ಜನವರಿ ಹೊತ್ತಿಗೆ ಬೆಂಬಲ ಬೆಲೆಯ ಆಸುಪಾಸಿಗೆ ಬಿದ್ದಿತ್ತು. ಹನ್ನೆರಡು ಸಾವಿರ ಆಗಲಿ ಎಂದು ಕಾದು ಕುಳಿತವರು ನಮ್ಮ ಓಣಿಯಲ್ಲೂ ಇದ್ದಾರೆ. ಬಡ್ಡಿ, ನುಸಿ, ಬಾಡಿಗೆ ಈ ಮೂರನ್ನೂ ಕಳೆದ ಮೇಲೂ ಲಾಭ ಉಳಿಯುತ್ತದೆಯೇ ಎಂದು ನೋಡಿಯೇ ಕಾಯಬೇಕು. ಕಾಯಲೇಬೇಕಾದರೆ ಗೋದಾಮಿನ ರಸೀದಿ ಮೇಲೆ ಅಡಮಾನ ಸಾಲ ಸಿಗುತ್ತದೆಯೇ ಎಂದು ವಿಚಾರಿಸಿ.

ಪಟ್ಟಿ ಓದಲು ಕಲಿಯಿರಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟೆಂಡರ್ ಮುಗಿದ ಮೇಲೆ ತೂಕ, ತೂಕದ ಮೇಲೆ ಲೆಕ್ಕಪಟ್ಟಿ. ದರದ ಮೇಲೆ ಕಣ್ಣಿಟ್ಟವರು ಇಲ್ಲಿ ಕಣ್ಣು ಮುಚ್ಚುತ್ತಾರೆ.

ಅವತ್ತು ಅಂಗಡಿಯಲ್ಲಿ ನಮಗೆ ಕೊಟ್ಟದ್ದು ಅಂಗಡಿಯ ಹೆಸರಿಲ್ಲದ ಒಂದು ಬಿಳಿ ಚೀಟಿ. ಚೀಲದ ತೂಕ ಕಳೆದ ಮೇಲೂ ಕ್ವಿಂಟಲ್‌ಗೆ ಒಂದು ಕೆ.ಜಿ. ‘ಸೂಟ್’ ತೆಗೆದಿದ್ದರು. ಅಂದರೆ 17.8 ಕೆ.ಜಿ. ತೊಗರಿ, ಸುಮಾರು 1,268 ರೂಪಾಯಿ. ಕೆಳಗೆ ಶೇ 2 ಕಮಿಷನ್ ಎಂದು 2,536 ರೂಪಾಯಿ. ಎರಡೂ ಸೇರಿ 3,804. ಎರಡು ದಿನ ಕಾದು, ಸಾಣಿಸಿ ಗಳಿಸಿದ್ದು 1,036; ಒಂದು ಚೀಟಿಯಲ್ಲಿ ಹೋಗುತ್ತಿದ್ದುದು ಅದರ ಮೂರೂವರೆ ಪಟ್ಟು!

ಕರ್ನಾಟಕದ 1966ರ ಎಪಿಎಂಸಿ ಕಾಯ್ದೆಯ ವ್ಯವಸ್ಥೆಯಲ್ಲಿ ದಲಾಲಿ ಕೊಡಬೇಕಾದವರು ಕೊಳ್ಳುವವರು, ಬೆಳೆದವರಲ್ಲ. ರೈತರ ಪಾಲಿಗೆ ಬರುವುದು ಸಮಿತಿ ನಿಗದಿ ಮಾಡಿದ ಹಮಾಲಿ, ತೂಕದ ಕೂಲಿಯಂಥ ಖರ್ಚು ಮಾತ್ರ. ಇದನ್ನು ನಾನು ಸಾಹುಕಾರರಿಗೆ ತಗ್ಗಿದ ದನಿಯಲ್ಲೇ ಹೇಳಿ, ಲಾಟ್ ಸಂಖ್ಯೆ ಇರುವ ಅಧಿಕೃತ ಪಟ್ಟಿ ಕೊಡಿ ಎಂದು ಕೇಳಿದೆ.

ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿದರು. ಆಮೇಲೆ ಕೇಳಿದರು: ‘ತಮ್ಮಾ, ಮಳಿಗಾಲದಾಗ ನಿಮ್ಮಪ್ಪ ನಲವತ್ತು ಸಾವಿರ ಉಚಲ ಒಯ್ದಾಗ ಯಾವ ಕಂಪ್ಯೂಟರ್ ಕೊಟ್ಟಿತ್ತು?’

ಈ ಪ್ರಶ್ನೆ ಸುಳ್ಳಲ್ಲ. ಬೀಜ, ಔಷಧಿ, ಕಳೆ ಕೂಲಿಗೆ ರೊಕ್ಕ ಬೇಕಾದಾಗ ಲಾವಣಿ ರೈತನಿಗೆ ಬ್ಯಾಂಕಿನ ಬಾಗಿಲು ತೆರೆಯುವುದಿಲ್ಲ. ತೆರೆಯುವುದು ಅಡತಿ ಅಂಗಡಿಯ ಬಾಗಿಲು. ಹಾಗೆ ಉಚಲ ತಂದವನು ಮಾಲನ್ನು ಅದೇ ಅಂಗಡಿಗೆ ಹಾಕಬೇಕು, ಬಂದ ದರಕ್ಕೆ ಹೂಂ ಎನ್ನಬೇಕು, ಚೀಟಿ ಓದಬಾರದು. ಟೆಂಡರ್ ಆನ್‌ಲೈನ್ ಆದರೂ ರೈತನ ಕೈ ಕಟ್ಟಿರುವುದು ಇಲ್ಲಿ.

‘ಸಾಹುಕಾರ್ರ, ಉಚಲಾನೂ ಕೊಡತೀವಿ, ಮಾತಾಡಿದ ಬಡ್ಡೀನೂ ಕೊಡತೀವಿ. ಅದರ ಲೆಕ್ಕ ಬ್ಯಾರೆ ಹಾಳಿಯೊಳಗ ಬರೀರಿ. ಮಾಲಿನ ಲೆಕ್ಕ ಬ್ಯಾರೆ ಇರಲಿ’ ಎಂದೆ. ಅಪ್ಪ ನೆಲ ನೋಡುತ್ತ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ, ‘ಹುಡುಗ ಹೇಳೂದು ಖರೇ ಐತ್ರಿ’ ಎಂದರು. ಆ ಎರಡು ಸಾಲು ಪಟ್ಟಿಯಿಂದ ಹೋದವು. ಉಚಲ ಮತ್ತು ಬಡ್ಡಿ ಕಳೆದ ರೊಕ್ಕ ಖಾತೆಗೆ ಬಂತು, ತಂಗಿಯ ಶುಲ್ಕ ತಾರೀಖಿನೊಳಗೆ ಕಟ್ಟಿದೆವು. ಮುಂದಿನ ಮುಂಗಾರಿಗೆ ಆ ಅಂಗಡಿಯಲ್ಲಿ ನಮಗೆ ಉಚಲ ಸಿಗಲಿಲ್ಲ. ಸ್ವಂತ ಎರಡು ಎಕರೆಯ ಮೇಲೆ ಸಹಕಾರ ಸಂಘದಲ್ಲಿ ಬಡ್ಡಿ ಇಲ್ಲದ ಬೆಳೆಸಾಲ ತೆಗೆದೆವು. ಅದು ಸಾಲಲಿಲ್ಲ, ಲಾವಣಿಯಲ್ಲಿ ಒಂದು ಎಕರೆ ಬಿಟ್ಟೆವು. ಹಕ್ಕು ಕೇಳಿದ್ದಕ್ಕೆ ಇಷ್ಟು ಬೆಲೆ ಕೊಟ್ಟಿದ್ದೇವೆ. ಅಪ್ಪನಿಗೆ ಅದರ ಬೇಸರವಿಲ್ಲ. ‘ಇನ್ನ ಚೀಟಿ ನೀನ ಓದು’ ಎನ್ನುತ್ತಾರೆ.

ಬೇರೆ ಏನೇ ಮಾರಿದರೂ

ತೊಗರಿ ಬೆಳೆಯದ ಗೆಳೆಯರೂ ಹಳೆ ಮೊಬೈಲು, ಬೈಕು, ಓದಿ ಮುಗಿಸಿದ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಿಯಮಗಳು ಬೇರೆಯಲ್ಲ. ತಳಬೆಲೆ ಮೊದಲೇ ಬರೆದಿಡಿ. ಗೀರು ಬಿದ್ದಿದ್ದರೆ ಅದರ ಫೋಟೊವನ್ನೂ ಹಾಕಿ, ಅನುಮಾನ ಹೋದಷ್ಟೂ ಚೌಕಾಸಿ ಕಡಿಮೆ. ಹೆಚ್ಚು ಜನರಿಗೆ ಕಾಣುವ ಹೊತ್ತು ನೋಡಿ ಹಾಕಿ. ಎಲ್ಲಕ್ಕಿಂತ ಮುಖ್ಯವಾದದ್ದು: ನಿಮಗೆ ಹಣ ಬರಬೇಕಾದರೆ ನೀವು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಯುಪಿಐ ಪಿನ್ ಒತ್ತಬೇಕಾಗಿಲ್ಲ. ಹಾಗೆ ಕೇಳಿದವರು ಮೋಸಗಾರರು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಖಾತೆಗೆ ಹಣ ಬಂದದ್ದನ್ನು ನಿಮ್ಮದೇ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿದ ಮೇಲೆಯೇ ವಸ್ತು ಕೊಡಿ. ಎದುರಿನವರು ತೋರಿಸುವ ಸ್ಕ್ರೀನ್‌ಶಾಟ್ ರಸೀದಿಯಲ್ಲ.

ಕೆಲಸ ಸಿಗದೆ ಮನೆಯಲ್ಲಿರುವ ನಮ್ಮನ್ನು ನೋಡಿ ‘ಓದಿ ಏನ ಮಾಡಿದಿ’ ಎನ್ನುವವರು ಇದ್ದೇ ಇರುತ್ತಾರೆ. ನನಗೂ ಆ ಮಾತು ನಾಟುತ್ತದೆ. ಆದರೆ ಶೇಕಡಾವಾರು ಲೆಕ್ಕ, ಒಂದು ಕಾಯ್ದೆಯ ಮಾತು, ಒಂದು ಜಾಲತಾಣದ ಪಟ್ಟಿ ಓದಲು ಬರುವುದು ನಮ್ಮ ಓಣಿಯಲ್ಲಿ ಎಷ್ಟು ಮಂದಿಗೆ? ಈಗ ಸುಗ್ಗಿಯಲ್ಲಿ ನಮ್ಮ ಓಣಿಯ ನಾಲ್ಕು ಮನೆಯವರು ಚೀಟಿ ಹಿಡಿದು ಸಂಜೆ ನಮ್ಮ ಕಟ್ಟೆಗೆ ಬರುತ್ತಾರೆ. ಗೇಟಿನ ಚೀಟಿ, ಮೊಬೈಲ್ ಸಂದೇಶ, ತೂಕದ ಚೀಟಿ, ಪಟ್ಟಿ ಈ ನಾಲ್ಕರಲ್ಲೂ ಅಂಕಿ ಒಂದೇ ಇದೆಯೇ ಎಂದು ತಾಳೆ ನೋಡಿಕೊಡುತ್ತೇನೆ. ಹೊಂದದಿದ್ದರೆ ಎಪಿಎಂಸಿ ಕಾರ್ಯದರ್ಶಿಗೆ ಒಂದು ಅರ್ಜಿ ಬರೆದುಕೊಡುತ್ತೇನೆ. ಒಂದು ಮನೆಗೆ ಹತ್ತು ನಿಮಿಷದ ಕೆಲಸ. ನೀವೂ ನಿಮ್ಮ ಊರಿನಲ್ಲಿ ಈ ಸುಗ್ಗಿಗೆ ಒಂದು ನೋಟ್‌ಬುಕ್, ಒಂದು ಪೆನ್ನು ಹಿಡಿದು ಕುಳಿತುಕೊಳ್ಳಿ. ಮೊದಲು ನಿಮ್ಮ ಮನೆಯ ಪಟ್ಟಿಯಿಂದಲೇ ಶುರು ಮಾಡಿ.